ಹೊಗೆಯ ಹೆಸರಿನ ಕಾಯಿಲೆ

ಎಂಟನೆಯ ತರಗತಿಯ ವ್ಯಾಕರಣ ಪಾಠದಲ್ಲಿ ಅನುಕರಣಾವ್ಯಯ ಎಂದು ಬರುತ್ತದೆ. ಧಗಧಗ, ಪಟಪಟ, ಜುಳುಜುಳು, ಗುಳುಗುಳು. ಮಕ್ಕಳಿಗೆ ಇದನ್ನು ಕಲಿಸಲು ಕಷ್ಟವೇ ಇಲ್ಲ, ತಾವೇ ಹತ್ತಾರು ಸೇರಿಸಿಬಿಡುತ್ತಾರೆ. ನಮ್ಮ ಭಾಷೆಯ ಹಾಗೆ ಈ ಬಗೆಯ ಜೋಡಿಪದಗಳನ್ನು ಧಾರಾಳವಾಗಿ ಬಳಸುವ ಇನ್ನೊಂದು ಭಾಷೆ ಜಪಾನೀ. ಶಬ್ದಕ್ಕೆ ಮಾತ್ರವಲ್ಲ, ಕಣ್ಣಿಗೆ ಕಾಣುವುದಕ್ಕೂ ಮನಸ್ಸಿಗೆ ಅನ್ನಿಸುವುದಕ್ಕೂ ಅವರಲ್ಲಿ ಜೋಡಿಪದಗಳಿವೆ. ಅಂಥದ್ದೊಂದು 'ಮೊಯಾಮೊಯಾ'. ಮಸುಕುಮಸುಕಾಗಿ, ಗಾಳಿಯಲ್ಲಿ ತೇಲುವ ಹೊಗೆಯಂತೆ, ಸ್ಪಷ್ಟ ಆಕಾರವಿಲ್ಲದೆ ಕಾಣುವುದು ಮೊಯಾಮೊಯಾ. 1969ರಲ್ಲಿ ಜಪಾನಿನ ಸೆಂದಾಯ್ ನಗರದ ತೊಹೊಕು ವಿಶ್ವವಿದ್ಯಾಲಯದ ಡಾ. ಜಿರೊ ಸುಜುಕಿ ಮತ್ತು ಡಾ. ತಕಾಕು ಎಂಬ ಇಬ್ಬರು ವೈದ್ಯರು ಮಿದುಳಿನ ಒಂದು ಕಾಯಿಲೆಗೆ ಈ ಹೆಸರಿಟ್ಟರು. ದೊಡ್ಡದೊಡ್ಡ ಲ್ಯಾಟಿನ್ ಹೆಸರುಗಳ ನಡುವೆ ಮನೆಮಾತಿನ ಈ ಪದ ಹೇಗೋ ಉಳಿದುಕೊಂಡಿತು. ಇವತ್ತು ಪ್ರಪಂಚದ ಎಲ್ಲ ಆಸ್ಪತ್ರೆಗಳಲ್ಲೂ ಅದೇ ಹೆಸರು.

ಕಾಯಿಲೆ ಏನೆಂದು ಎರಡು ಮಾತಿನಲ್ಲಿ ಹೇಳುತ್ತೇನೆ. ನಮ್ಮ ಮಿದುಳು ದೇಹದ ತೂಕದಲ್ಲಿ ನೂರಕ್ಕೆ 2 ಪಾಲು. ಆದರೆ ಹೃದಯ ಹೊರಹಾಕುವ ರಕ್ತದಲ್ಲಿ ನೂರಕ್ಕೆ 15 ಪಾಲಿನಷ್ಟು ಅದಕ್ಕೇ ಬೇಕು. ಈ ರಕ್ತ ನಾಲ್ಕು ದಾರಿಗಳಲ್ಲಿ ತಲೆಗೆ ಏರುತ್ತದೆ: ಕತ್ತಿನ ಮುಂಭಾಗದಲ್ಲಿ ಎಡಬಲಕ್ಕೊಂದರಂತೆ ಎರಡು ದೊಡ್ಡ ಅಪಧಮನಿಗಳು, ಹಿಂಭಾಗದಲ್ಲಿ ಬೆನ್ನುಮೂಳೆಯ ತೂತುಗಳೊಳಗೆ ನುಸುಳಿ ಬರುವ ಎರಡು ಸಣ್ಣವು. ಮುಂದಿನ ಎರಡು ದೊಡ್ಡ ಅಪಧಮನಿಗಳು ತಲೆಬುರುಡೆಯ ಒಳಹೊಕ್ಕು ಕವಲೊಡೆಯುವ ಜಾಗದಲ್ಲೇ ವರ್ಷಗಳ ಕಾಲ ನಿಧಾನವಾಗಿ ಕಿರಿದಾಗುತ್ತಾ ಹೋಗಿ ಮುಚ್ಚಿಕೊಳ್ಳುವುದು ಈ ಕಾಯಿಲೆ. ಆ ಹೊತ್ತಿಗೆ ಮಿದುಳು ತನ್ನ ಬುಡದಲ್ಲಿ ಕೂದಲೆಳೆಯಂಥ ಸಾವಿರಾರು ಸಣ್ಣ ನಾಳಗಳನ್ನು ಹಿಗ್ಗಿಸಿಕೊಂಡು ಬದಲಿ ದಾರಿ ಮಾಡಿಕೊಳ್ಳುತ್ತದೆ. ಎಕ್ಸ್‌ರೇಯಲ್ಲಿ ಹೊಗೆಯಂತೆ ಕಾಣುವುದು ಕಾಯಿಲೆಯಲ್ಲ, ಮಿದುಳು ಮಾಡಿಕೊಂಡ ಪರಿಹಾರ. ಹೆಸರು ಮಾತ್ರ ಕಾಯಿಲೆಗೆ ಅಂಟಿಕೊಂಡಿತು.

ಇತಿಹಾಸ ಮತ್ತು ಕನ್ನಡ ಕಲಿಸುವ ನಾನು ಇದರ ಬೆನ್ನು ಹತ್ತಿದ್ದಕ್ಕೆ ಒಂದು ಕಾರಣವಿದೆ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಟೀಚರೊಬ್ಬರ ಮಗಳು ಆಗ ಐದನೆಯ ತರಗತಿಯಲ್ಲಿದ್ದಳು. ಜೋರಾಗಿ ಅತ್ತರೆ ಸಾಕು, ಬಲಗೈ ಸೋತು ತಟ್ಟೆ ಜಾರುತ್ತಿತ್ತು, ಮಾತು ತೊದಲುತ್ತಿತ್ತು. ಹತ್ತು ನಿಮಿಷದಲ್ಲಿ ಎಲ್ಲ ಸರಿ. ಸರಿಯಾಗಿಬಿಡುತ್ತಿತ್ತಾದ್ದರಿಂದ ಯಾರೂ ನಂಬಲಿಲ್ಲ. ಹಟ ಎಂದರು, ನಾಟಕ ಎಂದರು, ಮನೆಯ ಹಿರಿಯರು ಯಂತ್ರ ಕಟ್ಟಿಸಿದರು. ಕೊನೆಗೆ ಬೆಂಗಳೂರಿನಲ್ಲಿ ಪರೀಕ್ಷೆಯಾಗಿ ಹೆಸರು ತಿಳಿಯಿತು. ಅಜ್ಜಿ ಅದನ್ನು 'ಮಾಯಾಮಾಯಾ' ಎಂದೇ ಕೇಳಿಸಿಕೊಂಡರು, ಯಂತ್ರ ಕಟ್ಟಿಸಿದ್ದು ಸರಿಯೇ ಆಯಿತು ಎಂದುಕೊಂಡರು. ತಾಯಿ ನನ್ನ ಹತ್ತಿರ ಕೇಳಿದ್ದು ಒಂದೇ ಮಾತು. "ಅಕ್ಕಾ, ಇವಳು ಹೊಟ್ಟೆಯಲ್ಲಿದ್ದಾಗ ನಾನೇನಾದರೂ ತಿನ್ನಬಾರದ್ದು ತಿಂದಿದ್ದೆನಾ?" ಇದಕ್ಕೆ ಉತ್ತರ ಕೊಡಲು ವೈದ್ಯರು ಎಷ್ಟು ಕಾಲ ತೆಗೆದುಕೊಂಡರು ಎಂದು ಹುಡುಕಹೋಗಿ ನಾನು ಬಹಳ ಹಿಂದಕ್ಕೆ ಹೋಗಬೇಕಾಯಿತು.

ಎಷ್ಟು ಹಿಂದಕ್ಕೆ ಎಂದರೆ ಎರಡನೆಯ ಶತಮಾನದ ಗೇಲನ್‌ವರೆಗೆ. ರೋಮಿನಲ್ಲಿ ಚಕ್ರವರ್ತಿಗಳಿಗೆ ಮದ್ದು ಕೊಡುತ್ತಿದ್ದ ಈ ಗ್ರೀಕ್ ವೈದ್ಯನಿಗೆ ಮನುಷ್ಯರ ಹೆಣ ಕೊಯ್ಯುವ ಅವಕಾಶವಿರಲಿಲ್ಲ. ದನ, ಹಂದಿ, ಆಡುಗಳನ್ನು ಕೊಯ್ದು ನೋಡಿದ. ಅವುಗಳ ಮಿದುಳಿನ ಬುಡದಲ್ಲಿ ರಕ್ತನಾಳಗಳ ಬಲೆಯೊಂದಿತ್ತು. ಮನುಷ್ಯನಲ್ಲೂ ಇದೇ ಇರಬೇಕೆಂದು ಬರೆದು ಅದನ್ನು 'ಅದ್ಭುತ ಬಲೆ' ಎಂದು ಕೊಂಡಾಡಿದ. ಪ್ರಾಣವಾಯು ಅಲ್ಲೇ ಸೋಸಿ ಶುದ್ಧವಾಗುತ್ತದೆ ಎಂದು ಯುರೋಪಿನ ಪಂಡಿತರು ಸಾವಿರದ ಮುನ್ನೂರು ವರ್ಷ ಪಾಠ ಹೇಳಿದರು. ಗುರು ಹೇಳಿದ್ದಾರೆ ಎಂದಮೇಲೆ ಬಗ್ಗಿ ನೋಡುವವರು ಯಾರು? 1522ರಲ್ಲಿ ಇಟಲಿಯ ಬೆರೆಂಗಾರಿಯೊ ತಾನು ಎಷ್ಟು ಹುಡುಕಿದರೂ ಆ ಬಲೆ ಸಿಗಲಿಲ್ಲ ಎಂದ. ವೆಸಾಲಿಯಸ್ 1538ರಲ್ಲಿ ಅದನ್ನು ತಾನೇ ಚಿತ್ರದಲ್ಲಿ ಬರೆದಿದ್ದವನು, 1543ರ ತನ್ನ ದೊಡ್ಡ ಗ್ರಂಥದಲ್ಲಿ ಮನುಷ್ಯನಲ್ಲಿ ಅಂಥದ್ದೇನೂ ಇಲ್ಲವೆಂದು ಸಾರಿದ. ಅಲ್ಲಿಗೆ ಬಲೆಯ ಕಥೆ ಮುಗಿಯಿತೆಂದು ಎಲ್ಲರೂ ತಿಳಿದರು.

ಬಲೆ ಇಲ್ಲದಿದ್ದರೆ ಅಲ್ಲಿರುವುದೇನು? ಇದಕ್ಕೆ ಚೊಕ್ಕ ಉತ್ತರ ಕೊಟ್ಟವನು ಆಕ್ಸ್‌ಫರ್ಡಿನ ಥಾಮಸ್ ವಿಲ್ಲಿಸ್. ಈತನ ಬಗ್ಗೆ ಹೆಣ್ಣುಮಕ್ಕಳು ತಿಳಿದಿರಬೇಕಾದ ಒಂದು ಘಟನೆ ಇದೆ, ದಾರಿ ಬಿಟ್ಟರೂ ಹೇಳಿಯೇ ಮುಂದೆ ಹೋಗುತ್ತೇನೆ. 1650ರಲ್ಲಿ ಆನ್ ಗ್ರೀನ್ ಎಂಬ ಮನೆಗೆಲಸದ ಹುಡುಗಿ ಯಜಮಾನನ ಮೊಮ್ಮಗನಿಂದ ಬಸುರಾದಳು. ದಿನ ತುಂಬುವ ಮೊದಲೇ ಸತ್ತ ಕೂಸು ಹುಟ್ಟಿತು. ಹೆದರಿ ಮುಚ್ಚಿಟ್ಟಳು. ಶಿಶುಹತ್ಯೆಯ ಆರೋಪ ಹೊರಿಸಿ ಗಲ್ಲಿಗೇರಿಸಿದರು. ಆ ಮೊಮ್ಮಗನಿಗೆ ಏನೂ ಆಗಲಿಲ್ಲ, ಅದನ್ನು ಬೇರೆ ಹೇಳಬೇಕಾಗಿಲ್ಲ. ಅರ್ಧ ಗಂಟೆ ನೇತಾಡಿದ ಹೆಣವನ್ನು ಕೊಯ್ದು ಕಲಿಯಲೆಂದು ವೈದ್ಯರಿಗೆ ಕೊಟ್ಟರು. ಪೆಟ್ಟಿಗೆ ತೆರೆದರೆ ಗಂಟಲಲ್ಲಿ ಗೊರಗೊರ ಸದ್ದು. ವಿಲ್ಲಿಸ್ ಮತ್ತು ಅವನ ಗೆಳೆಯ ಪೆಟ್ಟಿ ಕತ್ತಿ ಬದಿಗಿಟ್ಟು ಅವಳ ಕೈಕಾಲು ಉಜ್ಜಿ, ಬಿಸಿ ಕುಡಿಸಿ, ಪಕ್ಕದಲ್ಲಿ ಒಬ್ಬ ಹೆಂಗಸನ್ನು ಮಲಗಿಸಿ ಮೈ ಬೆಚ್ಚಗೆ ಮಾಡಿಸಿದರು. ಆನ್ ಬದುಕಿದಳು. ಕ್ಷಮಾದಾನ ಸಿಕ್ಕಿ, ಊರಿಗೆ ಹೋಗಿ, ಮದುವೆಯಾಗಿ ಮಕ್ಕಳನ್ನೂ ಹೆತ್ತಳು.

ಈ ವಿಲ್ಲಿಸ್ 1664ರಲ್ಲಿ ಮಿದುಳಿನ ರಚನೆಯ ಬಗ್ಗೆ ಒಂದು ಪುಸ್ತಕ ತಂದ. ಚಿತ್ರ ಬರೆದುಕೊಟ್ಟವರಲ್ಲಿ ಮುಂದೆ ಲಂಡನ್ನಿನ ಸೇಂಟ್ ಪಾಲ್ ಚರ್ಚನ್ನು ಕಟ್ಟಿಸಿದ ಕ್ರಿಸ್ಟೊಫರ್ ರೆನ್ ಕೂಡ ಇದ್ದ. ನಾಲ್ಕು ಅಪಧಮನಿಗಳು ಮಿದುಳಿನ ಬುಡದಲ್ಲಿ ಒಂದಕ್ಕೊಂದು ಕೂಡಿ ಬಳೆಯಂತೆ ಸುತ್ತು ಕಟ್ಟಿಕೊಂಡಿವೆ ಎಂದು ತೋರಿಸಿದ. ಅದಕ್ಕೆ ಮುಂಚೆ ಆ ಬಳೆಯನ್ನು ನೋಡಿದವರು ಇರಲಿಲ್ಲವೆಂದಲ್ಲ. ಅದು ಯಾಕಿದೆ ಎಂದು ಪರೀಕ್ಷೆ ಮಾಡಿ ಹೇಳಿದ್ದು ವಿಲ್ಲಿಸನ ಹೆಚ್ಚುಗಾರಿಕೆ. ಒಂದು ಕಡೆಯ ಅಪಧಮನಿಗೆ ಬಣ್ಣದ ನೀರು ತುಂಬಿದ. ಅದು ಇನ್ನೊಂದು ಕಡೆಯಲ್ಲಿ ಹೊರಬಂತು. ಇನ್ನೂ ದೊಡ್ಡ ಸಾಕ್ಷಿ ಒಂದು ಹೆಣದಲ್ಲಿ ಸಿಕ್ಕಿತು. ಹೊಟ್ಟೆಯ ಗಡ್ಡೆಯಿಂದ ಸತ್ತ ಒಬ್ಬ ಗಂಡಸಿನ ಬಲಗಡೆಯ ದೊಡ್ಡ ಅಪಧಮನಿ ಕಲ್ಲಿನಂತೆ ಗಟ್ಟಿಯಾಗಿ ಪೂರ್ತಿ ಮುಚ್ಚಿಹೋಗಿತ್ತು. ಅವನಿಗೆ ಲಕ್ವ ಹೊಡೆದಿರಲಿಲ್ಲ, ಬುದ್ಧಿ ಮಂಕಾಗಿರಲಿಲ್ಲ. ನೋಡಿದರೆ ಅದೇ ಬದಿಯ ಹಿಂದಿನ ಸಣ್ಣ ಅಪಧಮನಿ ಇನ್ನೊಂದು ಬದಿಯದಕ್ಕಿಂತ ಮೂರು ಪಟ್ಟು ದಪ್ಪವಾಗಿ ಬೆಳೆದಿತ್ತು. ಮುಂದಿನ ಬಾಗಿಲು ಮುಚ್ಚಿದಾಗ ಹಿತ್ತಿಲ ಬಾಗಿಲು ಅಗಲವಾಗಿತ್ತು. ಇವತ್ತು ವೈದ್ಯರು ಹೇಳುವ ಬದಲಿ ರಕ್ತಸಂಚಾರದ ಕಥೆ ಶುರುವಾಗುವುದು ಈ ಹೆಸರಿಲ್ಲದ ಮನುಷ್ಯನಿಂದ.

ಸತ್ತ ಮೇಲೆ ನೋಡುವುದು ಒಂದು. ಬದುಕಿದ್ದಾಗಲೇ ತಲೆಬುರುಡೆಯ ಒಳಗಿನ ರಕ್ತನಾಳಗಳನ್ನು ನೋಡಲು ಇನ್ನೂ 263 ವರ್ಷ ಕಾಯಬೇಕಾಯಿತು. 1927ರಲ್ಲಿ ಪೋರ್ಚುಗಲ್ಲಿನ ಲಿಸ್ಬನ್ನಿನಲ್ಲಿ ಎಗಾಸ್ ಮೋನಿಜ್ ಎಂಬಾತ ಕತ್ತಿನ ಅಪಧಮನಿಗೆ ಎಕ್ಸ್‌ರೇಯಲ್ಲಿ ಎದ್ದು ಕಾಣುವ ದ್ರವ ಚುಚ್ಚಿ ಚಿತ್ರ ತೆಗೆದ. ಆಂಜಿಯೋಗ್ರಾಮ್ ಎಂದು ನಾವೀಗ ಹೃದಯಕ್ಕೆ ಸಂಬಂಧಿಸಿ ದಿನವೂ ಕೇಳುವ ಪರೀಕ್ಷೆ ಮೊದಲು ಬಳಕೆಗೆ ಬಂದದ್ದು ಮಿದುಳಿಗೆ. ಮೋನಿಜ್‌ಗೆ 1949ರಲ್ಲಿ ನೊಬೆಲ್ ಬಹುಮಾನ ಬಂದದ್ದು ಮಾತ್ರ ಇದಕ್ಕಲ್ಲ, ಮನೋರೋಗಿಗಳ ಮಿದುಳಿನ ಮುಂಭಾಗವನ್ನು ಕತ್ತರಿಸುವ ಕ್ರೂರ ಶಸ್ತ್ರಚಿಕಿತ್ಸೆಗೆ. ಬಹುಮಾನಗಳ ನ್ಯಾಯ ಹೀಗಿರುತ್ತದೆ.

ಈ ಪರೀಕ್ಷೆ ಜಪಾನಿಗೆ ಬಂದ ಮೇಲೆ ಅಲ್ಲಿನ ವೈದ್ಯರಿಗೆ ವಿಚಿತ್ರ ಚಿತ್ರಗಳು ಕಾಣತೊಡಗಿದವು. 1957ರಲ್ಲಿ ತಕೆಉಚಿ ಮತ್ತು ಶಿಮಿಜು ಎಂಬವರು 29 ವರ್ಷದ ಒಬ್ಬನ ಬಗ್ಗೆ ಬರೆದರು. ಹತ್ತನೆಯ ವಯಸ್ಸಿನಿಂದ ಅವನಿಗೆ ಫಿಟ್ಸ್, ಕಣ್ಣು ಮಂಜು. ಎರಡೂ ಕಡೆಯ ದೊಡ್ಡ ಅಪಧಮನಿಗಳು ತಲೆಯೊಳಗೆ ಸೊರಗಿಹೋಗಿದ್ದವು. ಹುಟ್ಟುವಾಗಲೇ ಸರಿಯಾಗಿ ಬೆಳೆದಿಲ್ಲ ಎಂದು ಅವರು ತೀರ್ಮಾನಿಸಿದರು. ಮುಂದಿನ ಹತ್ತು ವರ್ಷಗಳಲ್ಲಿ ಇಂಥ ರೋಗಿಗಳು ಇನ್ನಷ್ಟು ಸಿಕ್ಕಿದರು. ಅವರಲ್ಲಿ ಮಿದುಳಿನ ಬುಡದಲ್ಲಿ ಬಲೆ! ವೆಸಾಲಿಯಸ್ ಇಲ್ಲವೆಂದು ಹೇಳಿದ ಜಾಗದಲ್ಲೇ, ದನದಲ್ಲಿ ಗೇಲನ್ ಕಂಡಂತಹದೇ ಬಲೆ. ಕೆಲವು ವೈದ್ಯರು ತಮ್ಮ ಬರಹಗಳಲ್ಲಿ ಆ ಹಳೆಯ 'ಅದ್ಭುತ ಬಲೆ'ಯ ಹೆಸರನ್ನೇ ನೆನಪಿಸಿಕೊಂಡರು.

ಸುಜುಕಿಯವರ ದೊಡ್ಡತನ ಹೆಸರಿಟ್ಟದ್ದರಲ್ಲಿಲ್ಲ. ಅವರು ಅದೇ ರೋಗಿಗಳನ್ನು ಮತ್ತೆಮತ್ತೆ ಕರೆಸಿ, ಚಿತ್ರ ತೆಗೆದು, ಹಳೆಯದರ ಪಕ್ಕದಲ್ಲಿಟ್ಟು ನೋಡಿದರು. ಆಗ ಗೊತ್ತಾಯಿತು, ಇದು ಹುಟ್ಟಿನಿಂದ ಬಂದು ಹಾಗೇ ಇರುವ ಊನವಲ್ಲ, ನಡೆಯುತ್ತಿರುವ ಕಥೆ. ಅದನ್ನು ಅವರು ಆರು ಹಂತ ಮಾಡಿದರು. ಮೊದಲು ಕವಲಿನಲ್ಲಿ ಅಪಧಮನಿ ಕಿರಿದಾಗುತ್ತದೆ. ಆಮೇಲೆ ಬುಡದಲ್ಲಿ ಊದಿನಕಡ್ಡಿಯ ಹೊಗೆಯಂತೆ ಎಳೆಗಳು ಮೂಡುತ್ತವೆ. ಮೂರನೆಯ ಹಂತದಲ್ಲಿ ಹೊಗೆ ದಟ್ಟವಾಗಿ, ಮುಂದಿನ ದೊಡ್ಡ ನಾಳಗಳು ಕಾಣದಾಗುತ್ತವೆ. ಅಲ್ಲಿಂದ ಮುಂದೆ ಹೊಗೆ ತಿಳಿಯಾಗುತ್ತಾ ಬರುತ್ತದೆ, ಆರನೆಯ ಹಂತದಲ್ಲಿ ಪೂರಾ ಮಾಯ. ಹೊಗೆ ಹೋಯಿತೆಂದರೆ ಕಾಯಿಲೆ ವಾಸಿಯಾಯಿತೆಂದಲ್ಲ. ಒಳಗಿನ ದೊಡ್ಡ ದಾರಿ ಸಂಪೂರ್ಣ ಮುಚ್ಚಿತು ಎಂದರ್ಥ. ಆ ಹೊತ್ತಿಗೆ ಮಿದುಳಿನ ಮುಂಭಾಗ ರಕ್ತಕ್ಕಾಗಿ ಬೇರೆಯವರ ಮನೆಯ ಕದ ತಟ್ಟಿರುತ್ತದೆ. ತಲೆಯ ಚರ್ಮ, ಮುಖ, ಮಿದುಳಿನ ಹೊದಿಕೆ ಇವುಗಳಿಗೆ ರಕ್ತ ಒಯ್ಯುವ ಹೊರಗಿನ ಅಪಧಮನಿಗಳಿಂದ ಸಣ್ಣ ಕವಲುಗಳು ಹೊದಿಕೆಯನ್ನು ದಾಟಿ ಮಿದುಳಿಗೆ ಇಳಿಯುತ್ತವೆ. ಹಿಂಬದಿಯ ನಾಳಗಳೂ ಮಿದುಳಿನ ಮೇಲ್ಮೈಯಲ್ಲಿ ಮುಂದಕ್ಕೆ ಕೈಚಾಚುತ್ತವೆ. ಎಲ್ಲರೂ ಆರು ಹಂತಗಳನ್ನೂ ಹಾದುಹೋಗುವುದಿಲ್ಲ, ಎಲ್ಲರಲ್ಲೂ ವೇಗ ಒಂದೇ ಅಲ್ಲ. ಹೊಸ ದಾರಿ ಬೆಳೆಯುವ ವೇಗ ಹಳೆಯದು ಮುಚ್ಚುವ ವೇಗಕ್ಕಿಂತ ಹಿಂದೆ ಬಿದ್ದಾಗ ಲಕ್ವ ಹೊಡೆಯುತ್ತದೆ.

ಬಲೆಗೂ ಮುಂಚೆ ಮಿದುಳು ಮಾಡಿಕೊಳ್ಳುವ ಇನ್ನೊಂದು ಉಪಾಯವಿದೆ. ರಕ್ತ ಕಡಿಮೆ ಬರುತ್ತಿದೆ ಎಂದು ತಿಳಿದೊಡನೆ ತನ್ನ ಸಣ್ಣ ನಾಳಗಳನ್ನು ಹಿಗ್ಗಿಸಿಕೊಂಡು ಬಂದಷ್ಟನ್ನು ಎಳೆದುಕೊಳ್ಳುತ್ತದೆ. ಬೇಸಿಗೆಯಲ್ಲಿ ನಲ್ಲಿಯ ನೀರು ಸಣ್ಣಗಾದಾಗ ನಾವು ಕೊಳಾಯಿಯನ್ನು ಪೂರ್ತಿ ತಿರುಗಿಸಿಡುವ ಹಾಗೆ. ಪೂರ್ತಿ ತಿರುಗಿಸಿಯಾದ ಮೇಲೆ ಇನ್ನಷ್ಟು ತಿರುಗಿಸಲಾಗದು, ತೊಂದರೆ ಇರುವುದು ಅಲ್ಲೇ. ಸೌದೆ ಒಲೆಯಲ್ಲಿ ಅಡುಗೆ ಮಾಡಿದವರಿಗೆ ಗೊತ್ತು, ಹಸಿ ಸೌದೆಗೆ ಊದುಗೊಳವೆಯಲ್ಲಿ ಒಂದೇ ಸಮನೆ ಊದಿದರೆ ತಲೆ ಸುತ್ತಿದಂತಾಗುತ್ತದೆ. ಬರೀ ಹೊಗೆಯಿಂದಲ್ಲ. ಜೋರಾಗಿ ಉಸಿರು ಬಿಟ್ಟಾಗ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುತ್ತದೆ, ಅದು ಕಡಿಮೆಯಾದರೆ ಮಿದುಳಿನ ನಾಳಗಳು ಬಿಗಿದುಕೊಳ್ಳುತ್ತವೆ. ನಮಗೆ ಕ್ಷಣಕಾಲದ ತಲೆಸುತ್ತು. ಈ ಕಾಯಿಲೆಯ ಮಗುವಿಗೆ, ಅಷ್ಟರಲ್ಲೇ ಜೀವ ಹಿಡಿದುಕೊಂಡಿದ್ದ ಜಾಗಕ್ಕೆ ರಕ್ತ ನಿಂತಂತೆಯೇ. ಕೈ ಸೋಲುತ್ತದೆ, ಮಾತು ಕಟ್ಟುತ್ತದೆ. ಉಸಿರು ಸಮನಾದ ಮೇಲೆ ಮರಳಿ ಬರುತ್ತದೆ.

ಜಪಾನಿನ ತಾಯಂದಿರು ಮತ್ತು ಶಿಕ್ಷಕರು ಇದನ್ನು ಗುರುತಿಸಿದ್ದು ಮನೆಯಲ್ಲಿ, ತರಗತಿಯಲ್ಲಿ. ಬಿಸಿ ಶಾವಿಗೆಯಂಥ ನೂಡಲ್ಸ್ ಸಾರನ್ನು ಊದಿ ಊದಿ ತಿನ್ನುವಾಗ ಮಗುವಿನ ಕೈಯಿಂದ ಕಡ್ಡಿ ಜಾರುತ್ತಿತ್ತು. ಅಲ್ಲಿನ ಪ್ರಾಥಮಿಕ ಶಾಲೆಗಳಲ್ಲಿ ಎಲ್ಲ ಮಕ್ಕಳಿಗೂ ಊದುವ ವಾದ್ಯ ಕಲಿಸುತ್ತಾರೆ, ಸಂಗೀತದ ತರಗತಿಯಲ್ಲಿ ಅದನ್ನು ಊದುವಾಗ ಬೆರಳು ಓಡದಾಗುತ್ತಿತ್ತು. ಓಟದ ನಂತರ ಏದುಸಿರು ಬಿಡುವಾಗ, ಬಿಕ್ಕಿಬಿಕ್ಕಿ ಅಳುವಾಗಲೂ ಹೀಗೇ. ಇದನ್ನು ಓದಿದಾಗ ನನಗೆ ಆ ಹುಡುಗಿಯ ಅಳು ನೆನಪಾಯಿತು. ಅತ್ತಾಗ ಮಾತ್ರ ಬರುತ್ತದೆ ಎನ್ನುವುದನ್ನೇ ಹಿಡಿದು ನಾಟಕ ಎಂದಿದ್ದರಲ್ಲ, ರೋಗ ಯಾವುದೆಂದು ಬೆರಳು ಮಾಡಿ ತೋರಿಸುತ್ತಿದ್ದದ್ದು ಅದೇ. ಮಕ್ಕಳಿಗೆ ಪಾಠ ಹೇಳುವ ನಾವು ಲೆಕ್ಕ ತಪ್ಪಿದರೆ ಮಾತ್ರ ಗಮನಿಸುತ್ತೇವೆ. ಅಕ್ಷರ ಇದ್ದಕ್ಕಿದ್ದಂತೆ ಸೊಟ್ಟಗಾದರೆ, ಚಾಕ್‌ಪೀಸು ಕೈಯಿಂದ ಬಿದ್ದರೆ ಬೆತ್ತ ನೆನಪಾಗುತ್ತದೆ.

ಕಾಯಿಲೆಗೆ ಎರಡು ಪ್ರಾಯ ಇಷ್ಟ. ಒಂದು ಐದರಿಂದ ಹತ್ತು ವರ್ಷದೊಳಗೆ, ಇನ್ನೊಂದು ನಲವತ್ತರ ಆಸುಪಾಸು. ಹೆಣ್ಣು ಗಂಡಿನ ಲೆಕ್ಕ ನೋಡಿದರೆ ಜಪಾನಿನಲ್ಲಿ ಒಬ್ಬ ಗಂಡಿಗೆ ಸುಮಾರು ಇಬ್ಬರು ಹೆಣ್ಣು. ಮಕ್ಕಳಲ್ಲಿ ಹೆಚ್ಚಾಗಿ ರಕ್ತ ಸಾಲದೆ ಲಕ್ವ. ದೊಡ್ಡವರಲ್ಲಿ ಅದರ ಜೊತೆ ಮತ್ತೊಂದು ಅಪಾಯ, ರಕ್ತಸ್ರಾವ. ಕಾರಣ ಆ ಹೊಗೆಯೇ. ಕಾಲುದಾರಿಯಲ್ಲಿ ಲಾರಿಗಳು ಓಡಾಡಿದರೆ ಏನಾಗುತ್ತದೆಯೋ ಅದೇ. ದೊಡ್ಡ ಅಪಧಮನಿ ಹೊರಬೇಕಾದ ಒತ್ತಡವನ್ನು ತೆಳುಗೋಡೆಯ ಕೂದಲೆಳೆ ನಾಳಗಳು ಇಪ್ಪತ್ತು ಮೂವತ್ತು ವರ್ಷ ಹೊತ್ತು, ಅಲ್ಲಲ್ಲಿ ಉಬ್ಬಿ, ಒಂದು ದಿನ ಒಡೆಯುತ್ತವೆ. ಚಿಕ್ಕಂದಿನಲ್ಲಿ ಕಾಪಾಡಿದ್ದೇ ನಡುವಯಸ್ಸಿನಲ್ಲಿ ಕೈಕೊಡುತ್ತದೆ.

ಇನ್ನು ಆ ತಾಯಿಯ ಪ್ರಶ್ನೆ. ಕಾರಣವೇನು? ಕೊಬ್ಬು ಕಟ್ಟಿದ್ದರಿಂದ ಅಲ್ಲ ಎನ್ನುವುದು ಬೇಗ ತಿಳಿಯಿತು. ಮುಚ್ಚಿದ ನಾಳವನ್ನು ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅಲ್ಲಿ ಎಣ್ಣೆ ಜಿಡ್ಡಿನ ಕುರುಹಿಲ್ಲ. ಗೋಡೆಯ ಒಳಪದರದಲ್ಲಿ ಸ್ನಾಯುಕಣಗಳು ಬೆಳೆದು ದಪ್ಪವಾಗಿವೆ, ನಡುಪದರ ತೆಳ್ಳಗಾಗಿದೆ. 1957ರಲ್ಲಿ ಹುಟ್ಟೂನ ಎಂದರು. ಸುಜುಕಿಯವರು ಚಿಕ್ಕಂದಿನಲ್ಲಿ ಪದೇಪದೇ ಬರುವ ಗಂಟಲು ಬೇನೆ, ಟಾನ್ಸಿಲ್ ಸೋಂಕಿನ ಮೇಲೆ ಅನುಮಾನಪಟ್ಟರು. ಸೋಂಕು ಕತ್ತಿನ ನರಗಳ ಮೂಲಕ ನಾಳಗಳನ್ನು ಕೆಡಿಸಬಹುದೆಂದು ಎಣಿಸಿ ಆ ನರಗಳನ್ನು ಕತ್ತರಿಸುವ ಶಸ್ತ್ರಚಿಕಿತ್ಸೆಯನ್ನೂ ಮಾಡಿ 1975ರಲ್ಲಿ ಪ್ರಕಟಿಸಿದರು. ಆ ಚಿಕಿತ್ಸೆ ಮುಂದೆ ನಿಲ್ಲಲಿಲ್ಲ. 1977ರಲ್ಲಿ ಜಪಾನ್ ಸರ್ಕಾರ ಇದಕ್ಕಾಗಿಯೇ ಸಂಶೋಧನಾ ಸಮಿತಿ ಮಾಡಿತು. ರೋಗಿಗಳನ್ನು ಲೆಕ್ಕ ಹಾಕುತ್ತಾ ಹೋದಂತೆ ನೂರರಲ್ಲಿ ಹತ್ತು ಹದಿನೈದು ಜನರ ಮನೆಯಲ್ಲಿ ಇನ್ನೊಬ್ಬರಿಗೂ ಇರುವುದು ಕಂಡಿತು. ಅಂದರೆ ರಕ್ತಸಂಬಂಧದಲ್ಲಿ ಏನೋ ಇದೆ.

2011ರಲ್ಲಿ ತೊಹೊಕು ಮತ್ತು ಕ್ಯೋಟೊ ವಿಶ್ವವಿದ್ಯಾಲಯಗಳ ಎರಡು ತಂಡಗಳು ಬೇರೆಬೇರೆಯಾಗಿ ಹುಡುಕಿ ಒಂದೇ ಕಡೆ ಬಂದು ನಿಂತವು. ಹದಿನೇಳನೆಯ ವರ್ಣತಂತುವಿನ ತುದಿಯ ಒಂದು ಜೀನು, ಹೆಸರು ಆರ್‌ಎನ್‌ಎಫ್213. ಅದೇ ವರ್ಷದ ಮಾರ್ಚ್‌ನಲ್ಲಿ ಸೆಂದಾಯ್ ಕರಾವಳಿಯನ್ನು ಸುನಾಮಿ ನುಂಗಿತು. ಪ್ರಪಂಚಕ್ಕೆ ಆ ಊರಿನ ನೆನಪಿರುವುದು ಅದಕ್ಕಾಗಿ. ಆ ಜೀನು ತಯಾರಿಸುವ ಪ್ರೋಟೀನಿಗೆ 'ಮಿಸ್ಟರಿನ್' ಎಂಬ ಹೆಸರಿದೆ. ಇಂಗ್ಲಿಷ್ ಬಲ್ಲವರಿಗೆ ಆ ಹೆಸರಿನಲ್ಲಿ ನಿಗೂಢ ಎನ್ನುವ ಅರ್ಥವೂ ಕೇಳಿಸುತ್ತದೆ. ಸಾವಿರಾರು ವರ್ಷಗಳ ಹಿಂದೆ ಯಾರೋ ಒಬ್ಬ ಪೂರ್ವಜರಲ್ಲಿ ಆದ ಒಂದೇ ಅಕ್ಷರದ ಬದಲಾವಣೆ ಜಪಾನ್, ಕೊರಿಯ, ಚೀನಗಳ ಸಂತಾನದಲ್ಲಿ ಹರಡಿದೆ. ಜಪಾನಿನ ಆರೋಗ್ಯವಂತರಲ್ಲೇ ನೂರಕ್ಕೆ ಸುಮಾರು ಇಬ್ಬರಲ್ಲಿ ಅದಿದೆ, ಅವರಲ್ಲಿ ಬಹಳ ಜನರಿಗೆ ಏನೂ ಆಗುವುದಿಲ್ಲ. ಜೀನು ಬಾಗಿಲ ಬೀಗ ತೆಗೆದಿಡುತ್ತದೆ ಅಷ್ಟೆ, ತಳ್ಳಿ ಒಳಬರುವುದು ಬೇರೇನೋ. ಬೇರೆ ಕಾಯಿಲೆಗಳ ಬೆನ್ನಿಗೂ ಇದೇ ಬಗೆಯ ತೊಂದರೆ ಬರುತ್ತದೆ: ಡೌನ್ ಸಿಂಡ್ರೋಮ್ ಮಕ್ಕಳಲ್ಲಿ, ತಲೆಗೆ ವಿಕಿರಣ ಚಿಕಿತ್ಸೆ ಪಡೆದವರಲ್ಲಿ, ಕುಡುಗೋಲು ಆಕಾರದ ರಕ್ತಕಣಗಳ ಸಿಕಲ್ ಸೆಲ್ ಕಾಯಿಲೆಯಲ್ಲಿ. ಈ ಕೊನೆಯದು ನಮ್ಮ ಚಾಮರಾಜನಗರ, ಮೈಸೂರು ಕಡೆಯ ಗಿರಿಜನರಲ್ಲೂ ಇದೆ.

ಬಸುರಿಯಲ್ಲಿ ತಿಂದ ಪರಂಗಿಹಣ್ಣು, ಗ್ರಹಣ ಕಾಲದಲ್ಲಿ ಹೆಚ್ಚಿದ ತರಕಾರಿ, ಈ ಪಟ್ಟಿಯಲ್ಲಿ ಎಲ್ಲೂ ಇಲ್ಲ. ಆ ಟೀಚರಿಗೆ ನಾನು ಇಷ್ಟನ್ನು ಹೇಳಿದಾಗ ಅವರು ಮೂರು ಸಲ ಕೇಳಿ ಖಾತ್ರಿ ಮಾಡಿಕೊಂಡರು. ಆಮೇಲೆ ಅದನ್ನು ಅತ್ತೆಯ ಎದುರಿಗೆ ಬಂದು ಇನ್ನೊಂದು ಸಲ ಹೇಳಬೇಕೆಂದರು. ಹೋಗಿ ಹೇಳಿ ಬಂದೆ.

ಮುಚ್ಚುವ ಅಪಧಮನಿಯನ್ನು ತೆರೆಯುವ ಔಷಧಿ ಇಲ್ಲ. ವೈದ್ಯರು ಮಾಡುವುದು ಮಿದುಳು ತಾನೇ ಮಾಡಹೊರಟಿದ್ದ ಕೆಲಸಕ್ಕೆ ಕೈಜೋಡಿಸುವುದು. ಕಿವಿಯ ಮುಂದೆ, ಓಲೆಗಿಂತ ಸ್ವಲ್ಪ ಮೇಲೆ, ಬೆರಳಿಟ್ಟು ನೋಡಿ, ಒಂದು ನಾಡಿ ಮಿಡಿಯುತ್ತದೆ. ತಲೆಯ ಚರ್ಮಕ್ಕೆ ರಕ್ತ ಕೊಡುವ ಅಪಧಮನಿ ಅದು. 1967ರಲ್ಲಿ ಟರ್ಕಿಯ ಯಾಶರ್‌ಗಿಲ್ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಇದನ್ನು ಬುರುಡೆಯ ಒಳಗಿನ ನಾಳಕ್ಕೆ ಹೊಲಿದು ತೋರಿಸಿದರು. ಒಂದು ಮಿಲಿಮೀಟರಿನಷ್ಟು ದಪ್ಪದ ಎರಡು ಕೊಳವೆಗಳನ್ನು ಕೂದಲಿಗಿಂತ ಸಣ್ಣ ದಾರದಲ್ಲಿ ಹೊಲಿಯುವುದು. ಕಸೂತಿ ಬಲ್ಲವರು ಇದರ ಕಷ್ಟವನ್ನು ಊಹಿಸಬಹುದು. 1972ರಲ್ಲಿ ಇದೇ ಕಾಯಿಲೆಯ ಮಗುವೊಂದಕ್ಕೆ ಅದನ್ನು ಮಾಡಿದರು. ಸಣ್ಣ ಮಕ್ಕಳಲ್ಲಿ ಹೊಲಿಯಲಾರದಷ್ಟು ಸಪೂರ ನಾಳಗಳಿದ್ದಾಗ ಇನ್ನೊಂದು ಉಪಾಯವಿದೆ, ಎಪ್ಪತ್ತರ ದಶಕದ ಕೊನೆಗೆ ಟೋಕಿಯೊದಲ್ಲಿ ಮತ್ಸುಶಿಮಾ ಎಂಬವರು ಕಂಡುಕೊಂಡದ್ದು. ಅಪಧಮನಿಯನ್ನು ಕತ್ತರಿಸದೆ, ಹರಿಯುತ್ತಿರುವ ಹಾಗೆಯೇ, ಬುರುಡೆಯಲ್ಲಿ ಕಿಂಡಿ ತೆಗೆದು ಮಿದುಳಿನ ಮೇಲೆ ಮಲಗಿಸಿ ಅಂಚಿಗೆ ಹೊಲಿದುಬಿಡುವುದು. ಹಸಿದ ಮಿದುಳು ಕೆಲವು ತಿಂಗಳಲ್ಲಿ ತಾನಾಗಿ ಅದರಿಂದ ಕವಲುಗಳನ್ನು ಎಳೆದುಕೊಳ್ಳುತ್ತದೆ. ರಕ್ತ ಸಾಕಷ್ಟು ಸಿಗುತ್ತಿರುವ ಮಿದುಳಿನ ಮೇಲೆ ಹೀಗೆ ಮಲಗಿಸಿದರೆ ಕವಲು ಹೀಗೆ ಬೆಳೆಯುವುದಿಲ್ಲ. ರಕ್ತಸ್ರಾವವಾದ ದೊಡ್ಡವರಿಗೂ ನೇರ ಹೊಲಿಗೆಯಿಂದ ಪ್ರಯೋಜನವುಂಟೆ ಎಂದು ಜಪಾನಿನಲ್ಲಿ 80 ಜನರನ್ನು ಎರಡು ಗುಂಪು ಮಾಡಿ ಐದು ವರ್ಷ ನೋಡಿದರು. 2014ರಲ್ಲಿ ಬಂದ ಫಲಿತಾಂಶದಲ್ಲಿ ಶಸ್ತ್ರಚಿಕಿತ್ಸೆಯಾಗದವರಲ್ಲಿ ನೂರಕ್ಕೆ 30ಕ್ಕಿಂತ ಹೆಚ್ಚು ಜನರಿಗೆ ಮತ್ತೆ ರಕ್ತಸ್ರಾವವಾಗಿತ್ತು, ಆದವರಲ್ಲಿ ನೂರಕ್ಕೆ 12 ಜನರಿಗೆ. ಹೊಸ ದಾರಿ ತೆರೆದ ಮೇಲೆ ಕೂದಲೆಳೆ ನಾಳಗಳ ಮೇಲಿನ ಹೊರೆ ಇಳಿದು ಹೊಗೆ ತಿಳಿಯಾಗುತ್ತದೆ.

ನಮ್ಮ ದೇಶದಲ್ಲೂ ಈ ಶಸ್ತ್ರಚಿಕಿತ್ಸೆ ನಡೆಯುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ಇಂಥ ರೋಗಿಗಳನ್ನು ನೋಡಿ ಅನುಭವವಿರುವ ವೈದ್ಯರಿದ್ದಾರೆ. ಎಂಆರ್‌ಐ ಬಂದ ಮೇಲೆ ಮೊದಲಿನಂತೆ ಪ್ರತಿ ಸಲವೂ ಕತ್ತಿಗೆ ಚುಚ್ಚಬೇಕಾಗಿಯೂ ಇಲ್ಲ. ಮನೆಯಲ್ಲಿ ನೋಡಿಕೊಳ್ಳಬೇಕಾದದ್ದು ಸಣ್ಣಸಣ್ಣ ಸಂಗತಿ: ಮಗುವಿಗೆ ನೀರು ಕಡಿಮೆಯಾಗಬಾರದು, ವಾಂತಿಭೇದಿ ಜ್ವರವನ್ನು ಹಗುರವಾಗಿ ಕಾಣಬಾರದು, ನಿರ್ಜಲ ಉಪವಾಸ ಕೂಡದು. ಈ ಕಾಯಿಲೆ ಇರುವ ಹೆಂಗಸರು ಮದುವೆಯಾಗಿ ಮಕ್ಕಳನ್ನು ಹೆತ್ತಿದ್ದಾರೆ, ವೈದ್ಯರಿಗೆ ಮೊದಲೇ ತಿಳಿಸಿರಬೇಕು ಅಷ್ಟೆ. ಏಕೆಂದರೆ ಹೆರಿಗೆ ನೋವಿನ ಏದುಸಿರೂ ಊದುಗೊಳವೆಯ ಊದುವಿಕೆಯೂ ಮಿದುಳಿಗೆ ಒಂದೇ. ಶಸ್ತ್ರಚಿಕಿತ್ಸೆಗೆ ಬಂದ ಮಕ್ಕಳಿಗೆ ಹಿಂದಿನ ರಾತ್ರಿಯೇ ಸಲೈನ್ ಹಚ್ಚುತ್ತಾರೆ. ಅವರು ನೋವಿನಿಂದ, ಹೆದರಿಕೆಯಿಂದ ಅಳದಂತೆ ನೋಡಿಕೊಳ್ಳುವುದನ್ನು ವೈದ್ಯರು ಔಷಧಿಯಷ್ಟೇ ಜತನದಿಂದ ಬರೆದಿಡುತ್ತಾರೆ.